ಅಂಗಿ ನನ್ನ ಗಾಡಿಗಲ್ಲ, ಮೊದಲು ಟಿಪ್ಪರಿಗೆ ಹಾಕಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಕ್ಯಾರವಾನ್ ಪ್ರವಾಸದ ಬಗ್ಗೆ ಬಂದ ಬರಹ ಓದಿದೆ. ಚಿತ್ರ ಚಂದ ಇತ್ತು. ಸಮುದ್ರದ ಎದುರು ಬಿಳಿ ಗಾಡಿ, ಅದರ ಮುಂದೆ ಎರಡು ಕುರ್ಚಿ, ಕೈಯಲ್ಲಿ ಚಾ. ಕಾರಿಗೆ ಸಿಕ್ಕಿಸಿ ಹೊರಟರಾಯಿತು, ಮತ್ತೆಂತ ಇಲ್ಲ ಅನ್ನುವ ಹಾಗೆ ಬರೆದಿದ್ದಾರೆ. ಮತ್ತೆಂತ ಎಲ್ಲ ಉಂಟು ಅಂತ ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಬೇಕಾದರೆ ಕತ್ತರಿಸಿ. ಆದರೆ ಟಿಪ್ಪರಿನ ಭಾಗ ಮಾತ್ರ ಕತ್ತರಿಸಬೇಡಿ.

ನಾನು ಕಟಪಾಡಿಯವ. ಹಡಗಿನ ಎಂಜಿನ್ ರೂಮಿನಲ್ಲಿ 20 ವರ್ಷಕ್ಕಿಂತ ಜಾಸ್ತಿ ದುಡಿದು ಊರಿಗೆ ಬಂದು ಕೂತವ. ಡಿಸೆಂಬರಿನಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಒಂದು ಹೊಸ ಕ್ಯಾರವಾನ್ ತೆಗೆದುಕೊಂಡೆ. ಹೊರ ಜಿಲ್ಲೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಒಳಗೆ ಎರಡು ಮಂಚ, ಗೇಣಗಲದ ಅಡುಗೆ ಕಟ್ಟೆ, ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಸಣ್ಣ ಫ್ರಿಜ್. ಸಾಮಾನು ಸೇರಿ ಸುಮಾರು 900 ಕೆ.ಜಿ. ರಸ್ತೆ ಬದಿ ನಿಲ್ಲಿಸಿದರೆ ಸಾಕು, ಜನ ಬಂದು ಸುತ್ತು ಹಾಕುತ್ತಾರೆ. ಐಸ್‌ಕ್ರೀಮಿನ ಗಾಡಿಯಾ ಅಂತ ಮಕ್ಕಳು, ಯಾವ ಮೇಳದ್ದು, ಇವತ್ತು ಯಾವ ಪ್ರಸಂಗ ಅಂತ ದೊಡ್ಡವರು. ಒಬ್ಬರು ಎರಡು ಪ್ಲೇಟ್ ಗೋಳಿಬಜೆ ಅಂತ ಆರ್ಡರನ್ನೇ ಕೊಟ್ಟರು.

ಮೊದಲ ಪ್ರಯಾಣ ಮರವಂತೆಗೆ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಸಂತೆಕಟ್ಟೆ ದಾಟಿದ ಮೇಲೆ ಎದುರಿಗೆ ಒಂದು ಜಲ್ಲಿ ಟಿಪ್ಪರ್. ತಲೆಮಟ್ಟ ಲೋಡು, ಮೇಲೆ ಟರ್ಪಾಲ್ ಇಲ್ಲ. ಒಂದೊಂದು ಗುಂಡಿಗೆ ಇಳಿದಾಗಲೂ ಒಂದು ಮುಷ್ಟಿ ಜಲ್ಲಿ ರಸ್ತೆಗೆ ಚೆಲ್ಲುತ್ತಿತ್ತು, ಮದುವೆಯಲ್ಲಿ ಅಕ್ಷತೆ ಹಾಕಿದ ಹಾಗೆ. ನಾನು ಸಾಕಷ್ಟು ದೂರ ಬಿಟ್ಟೇ ಹೋಗುತ್ತಿದ್ದೆ, ಕಾರಿನ ಗಾಜಿಗೆ ಒಂದೂ ಬೀಳಲಿಲ್ಲ. ಬಚಾವ್ ಅಂದುಕೊಂಡೆ. ಮರವಂತೆಯಲ್ಲಿ ಇಳಿದು ಕ್ಯಾರವಾನಿನ ಮುಖ ನೋಡಿದರೆ ಸಿಡುಬು ಬಂದ ಹಾಗೆ ಆಗಿತ್ತು. ಎಣಿಸಿದೆ, 11 ಕಡೆ ಬಣ್ಣ ಎದ್ದಿತ್ತು. ಗಾಡಿ ಮನೆಗೆ ಬಂದು 9 ದಿನ ಆಗಿತ್ತು ಅಷ್ಟೇ.

ಹೇಗೆ ಅಂತ ಆಗ ಗೊತ್ತಾಗಲಿಲ್ಲ, ಆಮೇಲೆ ತಲೆಗೆ ಹೋಯಿತು. ಟಿಪ್ಪರಿನ ಕಲ್ಲು ನೇರ ಬಂದು ಕ್ಯಾರವಾನಿಗೆ ಬೀಳುವುದಿಲ್ಲ. ಅದು ರಸ್ತೆಯಲ್ಲಿ ಬಿದ್ದಿರುತ್ತದೆ, ನಮ್ಮದೇ ಕಾರಿನ ಹಿಂದಿನ ಚಕ್ರ ಅದನ್ನು ಎತ್ತಿ ಹಿಂದಕ್ಕೆ ಎಸೆಯುತ್ತದೆ. ಎಸೆಯುವ ಕೈಯೂ ನಮ್ಮದೇ, ಪೆಟ್ಟು ತಿನ್ನುವ ಮುಖವೂ ನಮ್ಮದೇ. ಹಾಗಾಗಿ ಕ್ಯಾರವಾನ್ ತೆಗೆದುಕೊಳ್ಳುವವರು ಮೊದಲು ಮಾಡಬೇಕಾದ ಖರ್ಚು ಕ್ಯಾರವಾನಿಗಲ್ಲ, ಕಾರಿಗೆ. ಹಿಂದಿನ ಎರಡು ಚಕ್ರಕ್ಕೆ ಒಳ್ಳೆ ಅಗಲದ ಮಡ್‌ಫ್ಲಾಪ್, ಅಂದರೆ ಚಕ್ರದ ಹಿಂದೆ ಇಳಿಬಿಡುವ ಹಾಳೆ, ಹಾಕಿಸಿ. ಕಂಪನಿಯವರು ಕೊಟ್ಟ ಚೋಟುದ್ದದ ಪ್ಲಾಸ್ಟಿಕ್ ಸಾಕಾಗುವುದಿಲ್ಲ.

ಎರಡನೇ ಪ್ರಯಾಣಕ್ಕೆ ನಾನು ಮಾಡಿದ್ದು ಬುದ್ಧಿವಂತಿಕೆ ಅಂತ ಆಗ ಅನಿಸಿತ್ತು. ಮನೆಯಲ್ಲಿ ಅಡಿಕೆ ಒಣಗಿಸುವ ನೀಲಿ ಟರ್ಪಾಲ್ ಇತ್ತಲ್ಲ, ಅದನ್ನು ಮಡಚಿ ಮುಂದಿನ ಭಾಗಕ್ಕೆ ಕಟ್ಟಿ, ಹಗ್ಗ ಸುತ್ತಿ, ಬಿಗಿ ಮಾಡಿ ಹೊರಟೆ. ಪಡುಬಿದ್ರಿ ತನಕ ಹೋಗುವಷ್ಟರಲ್ಲಿ ಹಿಂದೆ ಯಾರೋ ಚೆಂಡೆ ಬಡಿದ ಹಾಗೆ ಶಬ್ದ. ನಿಲ್ಲಿಸಿ ನೋಡಿದರೆ ಒಂದು ಮೂಲೆ ಬಿಟ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಹಗ್ಗ ಉಜ್ಜಿದ ಕಡೆ ಬಣ್ಣದ ಮೇಲೆ ಗೆರೆ. ಅದು ಹೋಗಲಿ, ಮುಂದಿನ ಕಿಟಕಿ ನೋಡಿ ಹೊಟ್ಟೆ ಉರಿಯಿತು. ಕ್ಯಾರವಾನಿನ ಕಿಟಕಿ ಗಾಜಿನದ್ದಲ್ಲ, ಅಕ್ರಿಲಿಕ್. ತೂಕ ಕಡಿಮೆ ಇರಲಿ ಅಂತ ಹಾಗೆ ಮಾಡುತ್ತಾರೆ, ಆದರೆ ಉಗುರು ತಾಗಿದರೂ ಗೀರು ಬೀಳುವ ಮೃದು. ಟರ್ಪಾಲಿನ ಒಳಗೆ ಅಂಗಳದ ಹೊಯ್ಗೆ ಸ್ವಲ್ಪ ಉಳಿದಿತ್ತು. ದಾರಿಯುದ್ದಕ್ಕೂ ಅದು ಕಿಟಕಿಯನ್ನು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದ ಹಾಗೆ ತಿಕ್ಕಿ, ಮಂಜು ಕವಿದ ಹಾಗೆ ಮಾಡಿತ್ತು. ಅದನ್ನು ತಿನ್ನರ್ ಹಾಕಿ ಒರೆಸಿದರೆ ಹೋಗುತ್ತದೆ ಅಂತ ಪಕ್ಕದ ಪೈಂಟಿನ ಅಂಗಡಿಯವರು ಹೇಳಿದರು. ಪುಣ್ಯಕ್ಕೆ ಹಾಕಲಿಲ್ಲ. ಅಕ್ರಿಲಿಕ್‌ಗೆ ತಿನ್ನರ್, ಪೆಟ್ರೋಲ್, ಸ್ಪಿರಿಟ್ ತಾಗಿಸಿದರೆ ಕೂದಲೆಳೆಯಂಥ ಬಿರುಕು ಬಿಟ್ಟು ಕಿಟಕಿಯೇ ಹಾಳು. ಸಾಬೂನು ನೀರು, ಮೆತ್ತನೆ ಬಟ್ಟೆ, ಅಷ್ಟೇ.

ತಂಗಿಯ ಮಗ ಇಂಗ್ಲೆಂಡಿನಲ್ಲಿ ಇದ್ದಾನೆ. ಅವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದರೆ ಮೊದಲು ನಕ್ಕ, ಮತ್ತೆ ಹೇಳಿದ: ಮಾವ, ಅಲ್ಲಿ ನಮ್ಮವರು ಹಾಕುವುದು ಎರಡು ಬೇರೆ ಬೇರೆ ಹೊದಿಕೆ. ಒಂದು ಪೂರ್ತಿ ಗಾಡಿ ಮುಚ್ಚುವಂಥದ್ದು, ಅದು ನಿಲ್ಲಿಸಿ ಇಡುವಾಗ ಮಾತ್ರ, ಹಾಕಿಕೊಂಡು ಓಡಿಸಲೇ ಬಾರದು. ಇನ್ನೊಂದು ಮುಖಕ್ಕೆ ಮಾತ್ರ ಹಾಕುವ ಅಂಗಿ, ಎಳೆದುಕೊಂಡು ಹೋಗುವಾಗ ಹಾಕುವುದು, ತಲುಪಿದ ಕೂಡಲೇ ಬಿಚ್ಚುವುದು. ಅಲ್ಲಿ ಗಾಡಿಯ ಮಾಡೆಲ್ ಹೇಳಿದರೆ ಅಳತೆಗೆ ಸರಿಯಾದ್ದು ರೆಡಿ ಸಿಗುತ್ತದಂತೆ. ನನ್ನದು ಊರಿನ ವರ್ಕ್‌ಶಾಪಿನ ಮಾಡೆಲ್, ಅದಕ್ಕೆ ಅಳತೆ ಎಲ್ಲಿಂದ ಬರಬೇಕು. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ಕವರಾ, ಅದೆಲ್ಲ ಯಾರೂ ಕೇಳುವುದಿಲ್ಲ ಸಾರ್ ಅಂದರು. ಲಕ್ಷಗಟ್ಟಲೆ ಕೊಟ್ಟು ಗಾಡಿ ತೆಗೆದುಕೊಂಡವರಿಗೆ ಒಂದು ಅಳತೆಯ ಚೀಟಿ ಕೊಡುವಷ್ಟೂ ಪುರಸೊತ್ತಿಲ್ಲವಾ?

ಕೊನೆಗೆ ಅಂಗಿ ಹೊಲಿಸಿದ್ದು ಉಡುಪಿಯ ಒಬ್ಬ ಸೀಟ್ ಕವರ್ ಹೊಲಿಯುವವರಲ್ಲಿ. ರಿಕ್ಷಾ, ಬಸ್ಸು, ಜೀಪು ಎಲ್ಲ ಹೊಲಿದ ಕೈ. ಕ್ಯಾರವಾನ್ ಅವರಿಗೂ ಹೊಸತು. ಸುತ್ತ ಒಂದು ಸಲ ನಡೆದು, ಪಕ್ಕದಲ್ಲಿ ಮೇಲಿಂದ ಕೆಳಗೆ ಇದ್ದ ಅಲ್ಯುಮಿನಿಯಂ ಹಳಿಯ ಸೀಳಿಗೆ ಬೆರಳು ಹಾಕಿ, ಇದು ಎಂತಕ್ಕೆ ಅಂತ ಕೇಳಿದರು. ಬಿಸಿಲಿಗೆ ಚಪ್ಪರ ಕಟ್ಟಲಿಕ್ಕೆ, ಅದರ ಅಂಚು ಇದರೊಳಗೆ ಜಾರುತ್ತದೆ ಅಂದೆ. ಅಷ್ಟೇ ಹೇಳಿದ್ದು. ಅವರು ಅಂಗಡಿಯೊಳಗಿಂದ ಸೀಟಿನ ಅಂಚಿಗೆ ಹಾಕುವ ಪೈಪಿಂಗ್ ಒಂದು ತುಂಡು ತಂದು, ಸೀಳಿನ ಕೆಳಗಿಂದ ತೂರಿಸಿ ಮೇಲಕ್ಕೆ ಎಳೆದರು. ಸ್ವಲ್ಪ ಸಡಿಲ ಆಯಿತು. ಒಳಗೆ 6 ಮಿ.ಮೀ. ಹಗ್ಗ ಇಟ್ಟು ಇನ್ನೊಂದು ಹೊಲಿದು ತಂದರು. ಸರ್ರನೆ ಹೋಗಿ ಕೂತಿತು, ಹೊರಗೆ ಎಳೆದರೆ ಬರುವುದಿಲ್ಲ. ಕಟ್ಟುವ ಹಗ್ಗವೇ ಬೇಡ ನೋಡಿ, ಅಂದರು. ಇಂಗ್ಲೆಂಡಿನವರು ಮಾಡುವುದೂ ಇದನ್ನೇ ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಅಳತೆ ತೆಗೆದದ್ದು ಹಳೆ ಪೇಪರಿನಲ್ಲಿ. ಪುಟಕ್ಕೆ ಪುಟ ಅಂಟಿಸಿ, ಗಾಡಿಯ ಮುಖಕ್ಕೆ ಒತ್ತಿ, ಕಿಟಕಿ ಎಲ್ಲಿ, ದೀಪ ಎಲ್ಲಿ ಅಂತ ಚಾಕ್ ಹಿಡಿದು ಗುರುತು ಮಾಡಿದರು. ಪೇಪರ್ ನಿಮ್ಮದೇ. ಕ್ಯಾರವಾನಿನ ಮೂಗಿನ ಮೇಲೆ ಎರಡು ದಿನ ನಿಮ್ಮ ಸಂಪಾದಕೀಯ ಇತ್ತು.

ಬಟ್ಟೆಯ ಬಗ್ಗೆ ಸ್ವಲ್ಪ ಜಗಳ ಆಯಿತು. ದಪ್ಪ ರೆಕ್ಸಿನ್ ಹಾಕುವ, ನೀರೂ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ ಅಂದರು ಅವರು. ಗಾಳಿ ಹೋಗದಿದ್ದರೆ ಅದೇ ತೊಂದರೆ. ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಮನೆಯ ಪಡುಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಇರಿಚಲು ತಡೆಯುತ್ತಿತ್ತು, ಗೋಡೆ ಉಸಿರಾಡುತ್ತಿತ್ತು. ಈಗ ಅದೇ ಜಾಗಕ್ಕೆ ಪ್ಲಾಸ್ಟಿಕ್ ಶೀಟ್ ಬಂದಿದೆ, ಮಳೆ ಮುಗಿದು ತೆಗೆದರೆ ಗೋಡೆ ಇಡೀ ಬೂಸ್ಟು. ಕ್ಯಾರವಾನಿಗೂ ಹಾಗೆಯೇ. ನಮ್ಮ ಹವೆಯಲ್ಲಿ ರೆಕ್ಸಿನ್ ಒಳಗೆ ಬೆವರು ಕಟ್ಟುತ್ತದೆ, ಬಣ್ಣದ ಮೇಲೆ ಕಲೆ ಕೂರುತ್ತದೆ. ಕಡೆಗೆ ಹೊರಗೆ ಗಾಳಿಯಾಡುವ ದಪ್ಪ ಪಾಲಿಯೆಸ್ಟರ್, ಒಳಗೆ ಕೂಸಿನ ಕಂಬಳಿಯ ಹಾಗಿನ ಮೆತ್ತನೆ ಅಸ್ತರ್ ಅಂತ ರಾಜಿ ಆಯಿತು. ಮುಂದಿನ ಎರಡು ಬಿಳಿ ದೀಪದ ಜಾಗದಲ್ಲಿ ಬಟ್ಟೆ ಕತ್ತರಿಸಿ ತೂತು ಬಿಡಿಸಿದೆವು, ರಾತ್ರಿ ಎದುರಿನವರಿಗೆ ಗಾಡಿಯ ಅಗಲ ಕಾಣಬೇಡವೇ. ಕೆಳಗಿನ ಅಂಚನ್ನು ಪೂರ್ತಿ ಮುಚ್ಚಲಿಲ್ಲ. ಯಾಕೆಂದರೆ ಸಿಲಿಂಡರ್ ಇರುವುದು ಮುಂದಿನ ಡಬ್ಬದಲ್ಲಿ, ಆ ಡಬ್ಬದ ತಳದಲ್ಲಿ ತೂತು ಇಟ್ಟಿರುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ, ಆ ತೂತಿನಿಂದ ಹೊರಗೆ ಹೋಗಬೇಕು. ಅಂಗಿ ಚಂದ ಕಾಣಲಿ ಅಂತ ಆ ತೂತು ಮುಚ್ಚಿದರೆ ಸೋರಿದ ಗ್ಯಾಸ್ ಅಲ್ಲೇ ತುಂಬಿಕೊಳ್ಳುತ್ತದೆ.

ಅಂಗಿಯನ್ನು ಬಿಗಿಯುವ ಬೆಲ್ಟು, ಬಕಲು, ಕೊಕ್ಕೆಗೆ ನಾನು ಸೀದಾ ಹೋದದ್ದು ಮಲ್ಪೆ ಬಂದರಿನ ಹತ್ತಿರದ ಅಂಗಡಿಗೆ. ಕಾರಿನ ಎಕ್ಸೆಸರಿ ಅಂಗಡಿಯಲ್ಲಿ ಸಿಗುವ ಹೊಳೆಯುವ ಕೊಕ್ಕೆ ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲ ತಡೆಯುವುದಿಲ್ಲ. ಉಪ್ಪು ಎಂದರೆ ಎಂತ ಅಂತ ಬೋಟಿನವರಿಗೆ ಗೊತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲೂ 304 ನಂಬರಿನದ್ದು ಬೇಡ, 316 ತೆಗೆದುಕೊಳ್ಳಿ, ರೇಟು ಜಾಸ್ತಿ ಆದರೂ ಪರವಾಗಿಲ್ಲ ಅಂದರು ಅಂಗಡಿಯವರು. ಸರಿಯೇ, 316ರಲ್ಲಿ ಮಾಲಿಬ್ಡಿನಂ ಅನ್ನುವ ಲೋಹ ಸೇರಿರುತ್ತದೆ, ಉಪ್ಪುನೀರಿಗೆ ಅದು ಬೇಗ ತುಕ್ಕು ಹಿಡಿಯುವುದಿಲ್ಲ. ನಾನು ನೈಲಾನ್ ಬೆಲ್ಟ್ ಕೇಳಿದೆ. ಅವರು ಕೊಡಲಿಲ್ಲ. ನೈಲಾನ್ ಒದ್ದೆ ಆದರೆ ಎಳೆಯುತ್ತದೆ, ನೀವು ಮುಲ್ಕಿಯಲ್ಲಿ ಬಿಗಿ ಮಾಡಿದ್ದು ಸುರತ್ಕಲ್ಲಿಗೆ ಹೋಗುವಾಗ ಸಡಿಲ, ಪಾಲಿಯೆಸ್ಟರ್ ಕೊಂಡುಹೋಗಿ ಅಂದರು. ಹಡಗಿನಲ್ಲಿದ್ದವ ನಾನು, ಇದು ನನಗೇ ಹೊಳೆಯಬೇಕಿತ್ತು.

ಹಾಕುವ ಕ್ರಮ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೊದಲು ಗಾಡಿಯ ಮುಖ ತೊಳೆಯಬೇಕು, ಅಂಗಿಯ ಒಳಮೈ ಕೊಡವಬೇಕು. ಇದೊಂದು ಬಿಟ್ಟರೆ ಉಳಿದದ್ದೆಲ್ಲ ಮಾಡಿಯೂ ವ್ಯರ್ಥ, ನನ್ನ ಕಿಟಕಿ ನೋಡಿ ಬೇಕಾದರೆ. ಆಮೇಲೆ ಎರಡೂ ಬದಿಯ ಅಂಚನ್ನು ಹಳಿಗೆ ಸೇರಿಸಿ ಸರಿಸಮ ಎಳೆಯಬೇಕು, ಒಂದು ಬದಿ ಪೂರ್ತಿ ಎಳೆದು ಇನ್ನೊಂದಕ್ಕೆ ಹೋದರೆ ಓರೆ ಆಗುತ್ತದೆ. ಇಬ್ಬರಿದ್ದರೆ 10 ನಿಮಿಷ. ಒಬ್ಬನೇ ಆದರೆ ಅರ್ಧ ಗಂಟೆ ಮತ್ತು ಒಂದಷ್ಟು ಬೈಗುಳ. ಹೊರಟು 10 ಕಿ.ಮೀ. ಆದ ಮೇಲೆ ಒಂದು ಸಲ ನಿಲ್ಲಿಸಿ ಬೆಲ್ಟು ಮುಟ್ಟಿ ನೋಡಿ, ಕಾರು ಮತ್ತು ಕ್ಯಾರವಾನಿನ ನಡುವೆ ಇರುವ ತೆಳು ತಂತಿ ಬಟ್ಟೆಗೆ ಸಿಕ್ಕಿಕೊಂಡಿಲ್ಲ ಅಂತಲೂ ನೋಡಿ. ಕಾರಿಗೆ ಸಿಕ್ಕಿಸಿದ ಕೊಂಡಿ ಕಳಚಿಕೊಂಡರೆ ಕ್ಯಾರವಾನಿನ ಬ್ರೇಕು ಎಳೆಯುವುದು ಆ ತಂತಿಯೇ.

ತಂಗಿಯ ಮಗ ಇಂಗ್ಲೆಂಡಿನಿಂದ ಒಂದು ಪೆಟ್ಟಿಗೆ ಸಾಮಾನು ಕಳಿಸಿದ್ದ, ಪಾಪ. ಅದರಲ್ಲಿ ಕಾರಿನ ಕನ್ನಡಿಗೆ ಸಿಕ್ಕಿಸುವ ಉದ್ದ ಕನ್ನಡಿ ಜೋಡಿ ಇತ್ತು. ಬಂಗಾರದಂಥ ಸಾಮಾನು ಅದು. ಕ್ಯಾರವಾನ್ ಕಾರಿಗಿಂತ ಅಗಲ, ಇದಿಲ್ಲದೆ ಹಿಂದೆ ಎಂತ ಬರುತ್ತಾ ಉಂಟು ಅಂತ ಕಾಣುವುದೇ ಇಲ್ಲ, ಅಲ್ಲಿ ಇದು ಇಲ್ಲದಿದ್ದರೆ ದಂಡ. ಕೊಂಡಿಗೆ ಹಾಕುವ ಟೊಪ್ಪಿ ಇತ್ತು, ನಿಲ್ಲಿಸಿದಾಗ ಮಳೆಗೆ ಒಳ್ಳೆಯದು. ಮತ್ತೆ ಫ್ರಿಜ್ಜಿನ ಜಾಲರಿಗೆ ಹಾಕುವ ಚಳಿಗಾಲದ ಮುಚ್ಚಳ. ಹೊರಗೆ ತುಂಬ ಥಂಡಿ ಇರುವಾಗ ಫ್ರಿಜ್ಜಿನ ಹಿಂಭಾಗಕ್ಕೆ ಚಳಿ ಹೊಡೆಯದಿರಲಿ ಅಂತ ಅವರು ಹಾಕುತ್ತಾರೆ. ನಮ್ಮಲ್ಲಿ ಜನವರಿಯಲ್ಲೂ ಫ್ಯಾನ್ ಹಾಕಿ ಮಲಗುವುದು, ಅದನ್ನು ಹಾಕಿದರೆ ಬಿಸಿ ಹೊರಗೆ ಹೋಗದೆ ಫ್ರಿಜ್ ಕೆಲಸವೇ ಮಾಡಲಿಕ್ಕಿಲ್ಲ. ಈಗ ಅದು ಅಡುಗೆ ಮನೆಯಲ್ಲಿ ತಟ್ಟೆ ಬಸಿಯಲಿಕ್ಕೆ ಇಡುವ ಹಲಗೆ ಆಗಿದೆ. ಹೊರಗಿನ ಸಾಮಾನು ಅಂತ ಕಣ್ಣುಮುಚ್ಚಿ ತೆಗೆದುಕೊಳ್ಳುವವರಿಗೆ ಇದನ್ನು ಹೇಳುತ್ತಿದ್ದೇನೆ.

ಕೊಂಡಿಯ ವಿಷಯದಲ್ಲಿ ಒಂದು ಪೆದ್ದತನ ಮಾಡಿದೆ, ಅದನ್ನೂ ಹೇಳಬೇಕು. ಕಾರಿನ ಹಿಂದೆ ಕ್ಯಾರವಾನಿನ ಕೊಂಡಿ ಕೂರುವ ಗುಂಡು 50 ಮಿ.ಮೀ. ಇರುತ್ತದೆ. ಹೊಸ ಗುಂಡಿಗೆ ಕಪ್ಪು ಬಣ್ಣ ಹೊಡೆದಿದ್ದರು. ನಮ್ಮ ಮೆಕ್ಯಾನಿಕ್ ಟ್ರ್ಯಾಕ್ಟರಿಗೆ ಮೆತ್ತುವ ಹಾಗೆ ಅದಕ್ಕೆ ಗ್ರೀಸ್ ಮೆತ್ತಿದ. ನಾನೂ ಸುಮ್ನೆ ನಿಂತು ನೋಡಿದೆ, ಒಳ್ಳೆಯದೇ ಅಂತ. ಆದರೆ ನನ್ನ ಕ್ಯಾರವಾನಿನ ಕೊಂಡಿ ಓಲಾಟ ತಡೆಯುವ ಜಾತಿಯದ್ದು, ಅದರೊಳಗೆ ಬ್ರೇಕಿನ ಹಾಗಿನ ಎರಡು ಪ್ಯಾಡ್ ಗುಂಡನ್ನು ಒತ್ತಿ ಹಿಡಿಯುತ್ತವೆ. ಬ್ರೇಕಿಗೆ ಎಣ್ಣೆ ಹಚ್ಚಿದರೆ ಎಂತ ಆಗುತ್ತದೆ? ಕಾಪು ಹತ್ತಿರ ಒಂದು ಎಕ್ಸ್‌ಪ್ರೆಸ್ ಬಸ್ಸು ನಮ್ಮನ್ನು ದಾಟಿತು. ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಹೇಗೆ ದಾಟುತ್ತದೆ ಅಂತ ಹೇಳಬೇಕಾ. ಅದರ ಗಾಳಿಗೆ ಕ್ಯಾರವಾನ್ ಆನೆಯ ಬಾಲದ ಹಾಗೆ ಆಚೀಚೆ ಬೀಸತೊಡಗಿತು. ಬ್ರೇಕ್ ಒತ್ತದೆ, ಸ್ಟಿಯರಿಂಗ್ ಗಟ್ಟಿ ಹಿಡಿದು, ಎಕ್ಸಿಲೇಟರಿನಿಂದ ಕಾಲು ತೆಗೆದೆ. ತಾನಾಗಿ ನಿಧಾನ ಆಗಿ ನಿಂತಿತು. ಹೆಂಡತಿ ಕಟಪಾಡಿ ಬರುವ ತನಕ ಮಾತಾಡಲಿಲ್ಲ. ಮರುದಿನ ಗ್ರೀಸ್ ಒರೆಸಿ, ಎಮರಿ ಪೇಪರ್ ಹಾಕಿ ಬಣ್ಣ ಪೂರ್ತಿ ತಿಕ್ಕಿ ಬಿಳಿ ಕಬ್ಬಿಣ ಕಾಣುವ ಹಾಗೆ ಮಾಡಿ, ಪ್ಯಾಡ್ ಎರಡೂ ಹೊಸತು ಹಾಕಿಸಿದೆ. ಬಣ್ಣವೂ ಗ್ರೀಸಿನಷ್ಟೇ ಕೆಟ್ಟದ್ದು ಆ ಪ್ಯಾಡಿಗೆ. ಸಾದಾ ಕೊಂಡಿಗೆ ಗ್ರೀಸ್ ಬೇಕು, ಇದಕ್ಕೆ ಬೇಡ. ನಿಮ್ಮದು ಯಾವ ಜಾತಿ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ಸಾಮಾನು ಹೇರುವುದೂ ಓಲಾಟಕ್ಕೆ ಕಾರಣ. ಕೊಂಡಿಯ ಮೇಲೆ ಒಟ್ಟು ತೂಕದ ನೂರಕ್ಕೆ 5ರಿಂದ 7 ಪಾಲು ಕೂರಬೇಕು, ನನ್ನದಕ್ಕೆ 45ರಿಂದ 63 ಕೆ.ಜಿ. ಬಚ್ಚಲಿನ ತೂಕದ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಅದರ ಮೇಲೆ ಕೊಂಡಿ ಇಟ್ಟು ನೋಡಿದೆ. ಹಿಂದೆ ಕುಚ್ಚಲಕ್ಕಿ, ತೆಂಗಿನಕಾಯಿ, ನೀರಿನ ಕ್ಯಾನ್ ಎಲ್ಲ ತುಂಬಿದ್ದರಿಂದ 30 ಕೂಡ ಇರಲಿಲ್ಲ. ಈಗ ಭಾರದ್ದೆಲ್ಲ ಚಕ್ರದ ಮೇಲೆಯೇ ಇಡುವುದು. ಇಷ್ಟೆಲ್ಲ ಆದ ಮೇಲೂ ಇದನ್ನು ಎಳೆದುಕೊಂಡು ಆಗುಂಬೆಯ 14 ತಿರುವು ಹತ್ತುವ ಧೈರ್ಯ ನನಗಿಲ್ಲ, ಕೇಳಬೇಡಿ.

ಇನ್ನು ಟಿಪ್ಪರಿಗೆ ಬರುತ್ತೇನೆ. ನನ್ನ ಅಂಗಿಗೆ, ಬೆಲ್ಟಿಗೆ, ಮಡ್‌ಫ್ಲಾಪಿಗೆ, ಹೊಸ ಕಿಟಕಿಗೆ ಆದ ಖರ್ಚು ಲೆಕ್ಕ ಹಾಕಿದರೆ ಒಂದು ಒಳ್ಳೆ ಟರ್ಪಾಲ್ ಅಲ್ಲ, ಹತ್ತಾರು ಟಿಪ್ಪರಿಗೆ ಟರ್ಪಾಲ್ ಬರುತ್ತಿತ್ತು. ಲೋಡಿನ ಮೇಲೆ ಮುಚ್ಚಿ ಕಟ್ಟಲಿಕ್ಕೆ 5 ನಿಮಿಷ ಬೇಕು. ಮುಚ್ಚುವುದಿಲ್ಲ. ನನ್ನದು ಶೋಕಿಯ ಗಾಡಿ, ಬಣ್ಣ ಹೋದರೆ ಮತ್ತೆ ಹೊಡೆಸಬಹುದು. ಅದೇ ಜಲ್ಲಿಯ ಮೇಲೆ ಸ್ಕೂಟರ್ ಹೋಗುತ್ತದೆ, ಹಿಂದೆ ಮಗು ಕೂತಿರುತ್ತದೆ. ತಿರುವಿನಲ್ಲಿ ಚೆಲ್ಲಿದ ಜಲ್ಲಿ ಎಂದರೆ ದ್ವಿಚಕ್ರದವರಿಗೆ ಎಂತ ಅಂತ ಬಿದ್ದವರನ್ನು ಕೇಳಬೇಕು. ಅವರಿಗೆ ಯಾವ ಸೀಟ್ ಕವರಿನವರೂ ಅಂಗಿ ಹೊಲಿದು ಕೊಡುವುದಿಲ್ಲ.

ಮೀನಿನ ಲಾರಿಯದ್ದೂ ಅದೇ ಕಥೆ. ಕರಗಿದ ಐಸಿನ ನೀರು ಹಿಡಿಯಲಿಕ್ಕೆ ಟ್ಯಾಂಕ್ ಇಟ್ಟು, ನಲ್ಲಿ ಮುಚ್ಚಿಕೊಂಡು ಹೋಗುವವರು ಇದ್ದಾರೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಕತ್ತಲಾದ ಮೇಲೆ ನಲ್ಲಿ ಬಿಟ್ಟುಕೊಂಡು ಹೋಗುವವರು ಜಾಸ್ತಿ. ರಸ್ತೆ ಜಾರುತ್ತದೆ, ಊರಿಡೀ ನಾರುತ್ತದೆ, ಆ ಉಪ್ಪುನೀರು ಚಕ್ರದಿಂದ ಎದ್ದು ಗಾಡಿಯ ಅಡಿಗೆ ಹೋಗಿ ಕೂರುತ್ತದೆ. ಹೆದ್ದಾರಿಯಲ್ಲಿ ಹೋಗಿ ಬಂದ ರಾತ್ರಿಯೇ ನಾನು ಪೈಪ್ ಹಿಡಿದು ಕ್ಯಾರವಾನಿನ ಅಡಿ, ಕೊಂಡಿ, ಅಂಗಿ ಎಲ್ಲ ಬಾವಿ ನೀರಿನಲ್ಲಿ ತೊಳೆಯುತ್ತೇನೆ. ನೆರೆಮನೆಯವರು ಕೇಳಿದರು, ಎಂತ, ದಿನಾ ಗಾಡಿಗೆ ಅಭಿಷೇಕವಾ ಅಂತ.

ಟಿಪ್ಪರ್ ಓಡಿಸುವ ಹುಡುಗರನ್ನು ಬೈಯಲಿಕ್ಕೆ ನನಗೆ ಮನಸ್ಸಿಲ್ಲ. ಟ್ರಿಪ್ ಲೆಕ್ಕದಲ್ಲಿ ಸಂಬಳ, ಟರ್ಪಾಲ್ ಹರಿದದ್ದು, ಮಾಲಿಕ ಹೊಸತು ಕೊಡುವುದಿಲ್ಲ. ಹಾಗಾಗಿ ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದು ಡ್ರೈವರಿನ ಹತ್ತಿರ ದಂಡ ವಸೂಲಿ ಮಾಡಿದರೆ ಪ್ರಯೋಜನ ಇಲ್ಲ. ಜಲ್ಲಿ ತುಂಬುವ ಕ್ರಷರಿನ ಗೇಟಿನಲ್ಲೇ ನೋಡಬೇಕು, ಮುಚ್ಚದ ಗಾಡಿಯನ್ನು ಹೊರಗೆ ಬಿಡಬಾರದು. ಮೀನಿನ ಲಾರಿಯನ್ನೂ ಬಂದರಿನ ಗೇಟಿನಲ್ಲೇ ನೋಡಬೇಕು. ಉಡುಪಿ ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಅಧಿಕಾರಿಗಳು ನಿಮ್ಮ ಪೇಪರ್ ಓದುತ್ತಾರೆ ಅಂತ ನಂಬಿ ಬರೆದಿದ್ದೇನೆ.

ಕಳೆದ ಭಾನುವಾರ ಮತ್ತೆ ಮರವಂತೆಗೆ ಹೋಗಿ ಬಂದೆವು. ಗಾಡಿಯ ಮುಖಕ್ಕೆ ಒಂದು ಗೀರೂ ಇಲ್ಲ. ಅಂಗಿ ಬಿಚ್ಚಿ ಕೊಡವುವಾಗ ಕೆಳಗಿನ ಮಡಿಕೆಯಿಂದ ಒಂದು ಜಲ್ಲಿ ಟಕ್ಕನೆ ಸಿಮೆಂಟಿನ ಮೇಲೆ ಬಿತ್ತು, ಅರ್ಧ ಇಂಚಿನದ್ದು. ಈ ಪತ್ರದ ಜೊತೆ ಅದನ್ನೂ ಲಕೋಟೆಗೆ ಹಾಕಿದ್ದೇನೆ. ಯಾರ ಮೇಜಿನ ಮೇಲೆ ಇಡಬೇಕು ಅಂತ ನಿಮಗೇ ಗೊತ್ತು.

ಇಂತಿ,
ನಿಮ್ಮ ಹಳೆಯ ಓದುಗ,
ಕಟಪಾಡಿ, ಉಡುಪಿ ಜಿಲ್ಲೆ